ಹಸಿರು ಉಣ್ಣೆಯ ಗುರುವಾರಗಳು

ನಮ್ಮ ಓಣಿಯಲ್ಲಿ ಲೇಖಿಮ್‌ಳ ನಗು ಕೇಳಿಸಿತೆಂದರೆ ಕಸದ ಲಾರಿ ಬರುವ ಹೊತ್ತಾಯಿತು ಎಂದೇ ಲೆಕ್ಕ. ಸಂಜೆ ಎಲ್ಲರೂ ಕಸದ ಚೀಲ ಹಿಡಿದು ಬಾಗಿಲಾಚೆ ನಿಲ್ಲುತ್ತೇವೆ. ದೂರದಿಂದ ಲಾರಿಯ ಸಂಗೀತ ಕೇಳುವ ತನಕ ಬಾಯಿಗೆ ಬೇರೇನು ಕೆಲಸ? ಯಾರಾದರೂ ಒಂದು ಮಾತು ಶುರುಮಾಡುತ್ತಾರೆ. ಅದು ಮುಗಿಯುವ ಮೊದಲೇ ಲೇಖಿಮ್ ನಕ್ಕುಬಿಡುತ್ತಿದ್ದಳು. ಹೇಳುವವರಿಗೆ ಸಿಟ್ಟು. ಇನ್ನೂ ಹೇಳಿಯೇ ಇಲ್ಲವಲ್ಲ, ಯಾತಕ್ಕೆ ನಗುತ್ತೀ ಎಂದರೆ, "ಮುಂದೆ ಏನೋ ಇದೆ ಅಂತ ಗೊತ್ತಾಯ್ತಲ್ಲ, ನಂಗಷ್ಟು ಸಾಕು" ಎನ್ನುತ್ತಿದ್ದಳು. ಆ ನಗು ಸಣ್ಣದೂ ಅಲ್ಲ. ಎದುರು ಮನೆಯ ನಾಯಿ ಎದ್ದು ಬಾಲ ಅಲ್ಲಾಡಿಸುವಷ್ಟು ದೊಡ್ಡದು.

ನಾನು ಆಹುನ್. ಮಾದೌ ಪೇಟೆಯ ಹಿಂದಿನ ಈ ಓಣಿಯಲ್ಲಿ ಹೆಂಗಸರ ತಲೆ ತೊಳೆದು ಕೂದಲು ಸುರುಳಿ ಮಾಡಿಕೊಡುವ ಅಂಗಡಿ ಇಟ್ಟಿದ್ದೇನೆ. ಅಂಗಡಿಯೆಂದರೆ ನನ್ನ ಮನೆಯ ಮುಂದಿನ ಕೋಣೆ. ಎರಡು ಕುರ್ಚಿ, ಒಂದು ಕನ್ನಡಿ, ತಿರುಗುತ್ತಲೇ ಕಿರುಗುಡುವ ಒಂದು ಫ್ಯಾನು. ನನ್ನ ಬಾಯಿ ಸ್ವಲ್ಪ ಜೋರು ಎಂದು ಓಣಿಯವರು ಹೇಳುತ್ತಾರೆ. ಹೇಳಲಿ. ತಲೆ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣುಮುಚ್ಚಿ ಕೂತವರು ನನ್ನ ಹತ್ತಿರ ಆಡದ ಮಾತಿಲ್ಲ. ಲೇಖಿಮ್‌ಳ ಕತೆ ನನಗೆ ಗೊತ್ತಿರುವುದೂ ಹಾಗೆಯೇ, ಅರ್ಧ ಕಣ್ಣಿನಿಂದ, ಅರ್ಧ ನೊರೆಯ ಕೆಳಗಿನಿಂದ.

ಅವಳು ಸಮುದ್ರದ ಕಡೆಯವಳು. ಅವಳಪ್ಪ ಹೂಮೀನಿನ ಕೊಳ ಇಟ್ಟಿದ್ದವನು. ಗಾಳ ಹಿಡಿದೇ ಬೆಳೆದ ಹುಡುಗಿ ಚಕ್ಕೋತದ ವ್ಯಾಪಾರಿ ಆಸಿಂಗನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಬಿದಿರೆಲೆಯಲ್ಲಿ ಅಂಟಕ್ಕಿ, ಕಡಲೆಕಾಯಿ, ಮಾಂಸ ತುಂಬಿ ದಾರ ಸುತ್ತಿ ಬೇಯಿಸುವ ಕಡುಬನ್ನು ಅತ್ತೆಯಿಂದ ಕಲಿತಳು, ಕಲಿತ ವರ್ಷವೇ ಅತ್ತೆಯನ್ನು ಮೀರಿಸಿದಳು. ದೋಣಿ ಹಬ್ಬ ಬಂದರೆ ಪೇಟೆಯವರೆಲ್ಲ ಅವಳ ಬಾಗಿಲಿಗೇ. ನಿತ್ಯದ ಜೀವನವೂ ಆ ಕಡುಬಿನಿಂದಲೇ ನಡೆಯುತ್ತಿತ್ತು.

ಅತ್ತೆಯನ್ನು ಇಡೀ ಓಣಿ ಆಮಾ ಎಂದು ಕರೆಯುತ್ತದೆ. ಆಮಾ ಎಂದರೆ ಅಜ್ಜಿ. ಕಟ್ಟುನಿಟ್ಟಿನ ಹೆಂಗಸು. ಯಾವ ಹಬ್ಬಕ್ಕೆ ಯಾವ ಹಣ್ಣು, ಹೆಣದ ಮುಂದೆ ಯಾರು ಯಾವ ಸಾಲಿನಲ್ಲಿ ಮಂಡಿಯೂರಬೇಕು, ಯಾರ ತಲೆಗೆ ಯಾವ ಬಣ್ಣದ ಉಣ್ಣೆ ಎಂಬುದನ್ನೆಲ್ಲ ನಾವು ಅವರನ್ನೇ ಕೇಳುತ್ತಿದ್ದೆವು. ನಮ್ಮಲ್ಲಿ ಸಾವಾದ ಮನೆಯ ಹೆಂಗಸರು ಕೂದಲಿಗೆ ಒಂದು ತುಂಡು ಉಣ್ಣೆಯ ನೂಲು ಸಿಕ್ಕಿಸಿಕೊಳ್ಳುತ್ತಾರೆ. ಹೆಂಡತಿಗೆ, ಮಕ್ಕಳಿಗೆ, ಸೊಸೆಗೆ ಬಿಳಿ, ಮೊಮ್ಮಕ್ಕಳಿಗೆ ನೀಲಿ. ನೂಲು ತಲೆಯಲ್ಲಿರುವಷ್ಟು ದಿನ ಬೇರೆಯವರ ಮನೆಯೊಳಗೆ ಕಾಲಿಡುವಂತಿಲ್ಲ, ಮದುವೆಗೆ ಹೋಗುವಂತಿಲ್ಲ, ಮನೆಯಲ್ಲಿ ಹಬ್ಬದ ಕಡುಬು ಕಟ್ಟುವಂತಿಲ್ಲ, ಅಕ್ಕಪಕ್ಕದವರು ತಂದುಕೊಡಬೇಕು. ವರ್ಷ ತುಂಬಿದ ದಿನ ಆ ನೂಲು ತೆಗೆದು ಕೆಂಪು ನೂಲು ಇಡುತ್ತಾರೆ. ಅಲ್ಲಿಗೆ ಅಳುವ ಕೆಲಸ ಮುಗಿಯಿತು, ನಗಬಹುದು ಎಂದು ಅರ್ಥ.

ಆಸಿಂಗ್ ಲಿವರ್ ಕೆಟ್ಟು ತೀರಿಕೊಂಡಾಗ ಲೇಖಿಮ್ ಇದನ್ನೆಲ್ಲ ಅನುಭವಿಸಿದಳು. ಮಗ ಚೆಂಗ್‌ಹಾನ್ ಆಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಹೆಣ ಎತ್ತುವ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆತ್ತವರಿಗಿಂತ ಮೊದಲು ಹೋದ ಮಗ ಋಣ ತೀರಿಸದೆ ಹೋದವನು, ಅವನ ಪೆಟ್ಟಿಗೆಗೆ ತಾಯಿ ಕೋಲಿನಿಂದ ಹೊಡೆಯಬೇಕು ಎಂಬುದು ಪದ್ಧತಿ. ಆಮಾ ಬಂದರು, ಹೊಡೆದರು, ಕೋಲನ್ನು ಗೋಡೆಗೆ ಒರಗಿಸಿದರು, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಿಳಿತಲೆ ಕರಿತಲೆಯನ್ನು ಕಳಿಸಿಕೊಡಬಾರದು, ಹಾಗಾಗಿ ಸ್ಮಶಾನಕ್ಕೂ ಹೋಗಲಿಲ್ಲ. ಕಣ್ಣಲ್ಲಿ ಒಂದು ತೊಟ್ಟು ನೀರಿಲ್ಲ. ಎಂಥ ಕಲ್ಲು ಹೆಂಗಸಪ್ಪಾ ಎಂದುಕೊಂಡೆ. ಮಾರನೆಯ ಬೆಳಗ್ಗೆ ಎದ್ದು ಸೊಸೆಗೆ ಗಂಜಿ ಕಾಯಿಸಿಕೊಟ್ಟರು.

ಲೇಖಿಮ್ ಆ ವರ್ಷವೆಲ್ಲ ಬಿಳಿ ನೂಲು ಇಟ್ಟುಕೊಂಡು ಅತ್ತಳು. ನಾವು ಕಡುಬು ಕೊಟ್ಟೆವು. ಅವಳ ಕೈರುಚಿಗೆ ನಮ್ಮದು ಎಲ್ಲಿ ಸಾಟಿ, ಆದರೂ ತಿಂದಳು. ವರ್ಷ ತುಂಬಿ ಕೆಂಪು ಬಂದ ವಾರವೇ ಕಸದ ಲಾರಿಯ ಮುಂದೆ ಮತ್ತೆ ನಕ್ಕಳು. ದುಃಖ ಮುಗಿದಿತ್ತು ಎಂದಲ್ಲ. ದುಃಖಕ್ಕೆ ಒಂದು ಗಡಿ ಸಿಕ್ಕಿತ್ತು.

ಆಮೇಲೆ ಚೆಂಗ್‌ಹಾನ್ ಹೋದ. ಓದು ಮುಗಿಸಿ ಪೇಟೆಯ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ, ತಾಯಿಯ ನಗುವನ್ನೇ ಮುಖದಲ್ಲಿ ಹೊತ್ತು ತಿರುಗುತ್ತಿದ್ದವನು. ಒಂದು ಗುರುವಾರ ತಲೆನೋವು ಎಂದು ಮಲಗಿದವನು ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಹೆತ್ತವಳ ಗತಿ ಏನು ಹೇಳಲಿ.

ಕೋಲು ತಂದು ಮುಂದೆ ಹಿಡಿದರೆ ಲೇಖಿಮ್ ಮುಟ್ಟಲಿಲ್ಲ. ಆಮಾ ಅವಳ ತೋಳು ಹಿಡಿದು ಅದೇ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿ, ತಾವು ಹೊರಗೆ ಸ್ಟೂಲು ಹಾಕಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಜೈಲಿನ ಕಾವಲಿನವರ ಹಾಗೆ ಕಂಡಿತು ನನಗೆ. ಮಗನನ್ನು ಆಸಿಂಗನ ದಾಯಾದಿಗಳ ಮಕ್ಕಳು ಎತ್ತಿಕೊಂಡು ಹೋದರು. ವಾರವಾರ, ಸತ್ತ ದಿನ ಬರುವ ಹಾಗೆ, ಏಳು ವಾರ ಎಡೆಯಿಟ್ಟರು. ಹೆತ್ತವಳು ಮಂಡಿಯೂರುವಂತಿಲ್ಲ. ಕೂದಲಿಗೆ ನೂಲೂ ಇಲ್ಲ. ಮಗನಿಗಾಗಿ ತಾಯಿ ಇಟ್ಟುಕೊಳ್ಳುವ ಬಣ್ಣ ನಮ್ಮಲ್ಲಿ ಇಲ್ಲವೇ ಇಲ್ಲ.

ನೂಲಿಲ್ಲದ ಮೇಲೆ ಅದು ಸೂತಕದ ಮನೆಯೂ ಅಲ್ಲ. ದೋಣಿ ಹಬ್ಬ ಬಂದಾಗ ಯಾರೂ ಅವಳಿಗೆ ಕಡುಬು ಒಯ್ಯಲಿಲ್ಲ. ಒಯ್ದರೆ ತಪ್ಪು ಎಂದು ನಾವೆಲ್ಲ ಪದ್ಧತಿಗೆ ಹೆದರಿದೆವು. ಬದಲಿಗೆ ಎಂದಿನಂತೆ ಅವಳಿಗೇ ಆರ್ಡರು ಕೊಟ್ಟೆವು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕಟ್ಟಿಕೊಟ್ಟಳು. ಬಿಚ್ಚಿ ಬಾಯಿಗಿಟ್ಟರೆ ಉಪ್ಪೇ ಇಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಮಾತು ನೆನಪಾಗಿ ಉಳಿದದ್ದನ್ನು ಮತ್ತೆ ಎಲೆಯಲ್ಲಿ ಸುತ್ತಿಟ್ಟೆ. ಓಣಿಯವರೆಲ್ಲ ಸೋಯಾ ಸಾಸು ಸುರಿದುಕೊಂಡು ತಿಂದು, ಚೆನ್ನಾಗಿತ್ತು ಎಂದು ಹೇಳಿ ಕಳಿಸಿದರು.

ಹಬ್ಬ ಕಳೆದ ಮೇಲೆ ಒಂದು ಸಂಜೆ. ಎಲ್ಲರೂ ಚೀಲ ಹಿಡಿದು ನಿಂತಿದ್ದೆವು. ಮೀನುಂಡೆ ಮಾರುವ ಕಿಮ್‌ಚೂ, ಅವಳ ಬಾಯಿಯೂ ನನ್ನದಕ್ಕೇನೂ ಕಮ್ಮಿಯಿಲ್ಲ, ಗಂಡನ ಗೊರಕೆಯ ವಿಷಯ ಹೇಳುತ್ತಿದ್ದಳು. ಅಷ್ಟರಲ್ಲಿ ನಾಯಿ ಅವಳ ಚೀಲ ಕಚ್ಚಿಕೊಂಡು ಓಡಿತು. ಮೀನಿನ ತಲೆಗಳೆಲ್ಲ ಓಣಿಯ ತುಂಬ. ಕಿಮ್‌ಚೂ ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದನ್ನು ನೋಡಿ ಲೇಖಿಮ್ ನಕ್ಕಳು. ಹಳೆಯ ನಗುವೇ. ಒಂದೇ ಒಂದು ಕ್ಷಣ. ಮರುಕ್ಷಣ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಮೆಲ್ಲಗಲ್ಲ, ಪಟ್ಟೆಂದು ಕೇಳಿಸುವ ಹಾಗೆ ಮತ್ತೆ ಮತ್ತೆ. ತುಟಿ ಒಡೆಯಿತು. ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಂದಿನಿಂದ ಕಸ ಹಾಕಲು ಆಮಾ ಒಬ್ಬರೇ ಬರತೊಡಗಿದರು.

ಒಂದು ಮಧ್ಯಾಹ್ನ ಆಮಾ ನನ್ನ ಅಂಗಡಿಗೆ ಬಂದರು. ಅವರ ತಲೆ ನನಗೆ ಹೊಸದಲ್ಲ. ಬಿಳಿ ಕೂದಲನ್ನು ಬಿಗಿಯಾಗಿ ಎಳೆದು ಗಂಟು ಹಾಕಿಕೊಳ್ಳುತ್ತಾರೆ, ತೊಳೆಯಲು ಬಿಚ್ಚಿದರೆ ಒಂದು ಹಿಡಿಯೂ ಇಲ್ಲ. ನೊರೆ ಹಚ್ಚಿ ಉಜ್ಜುತ್ತಿದ್ದೆ. ನಿನ್ನ ಹತ್ತಿರ ಉಣ್ಣೆ ಸಿಕ್ಕಿಸುವ ಸಣ್ಣ ಕ್ಲಿಪ್ಪು ಇದೆಯಾ ಎಂದು ಕೇಳಿದರು. ಯಾರು ಹೋದರು ಎಂದೆ ಗಾಬರಿಯಿಂದ. ಯಾರೂ ಇಲ್ಲ, ಲೇಖಿಮ್‌ಗೆ ಎಂದರು. ಚೆಂಗ್‌ಹಾನ್‌ನ ಲೆಕ್ಕದಲ್ಲಿ ಕಟ್ಟಬೇಕಂತೆ.

ನನ್ನ ಕೈ ನಿಂತಿತು. ಇಷ್ಟು ವರ್ಷ ಪದ್ಧತಿ ಪದ್ಧತಿ ಎಂದು ನಮ್ಮ ತಲೆ ತಿಂದವರು ಇವರೇನಾ ಎನ್ನಿಸಿತು. ಹೆತ್ತವಳಿಗೆ ನೂಲು ಕಟ್ಟಿದರೆ ಸತ್ತ ಮಗನಿಗೇ ಪಾಪ ತಟ್ಟುತ್ತದೆ ಎಂದು ಹೇಳಿದವರು ನೀವೇ ಅಲ್ಲವೇ ಎಂದು ಕೇಳಿಯೂಬಿಟ್ಟೆ.

"ಹೇಳಿದ್ದೆ. ಇಲ್ಲ ಅಂದೋಳು ಯಾರು?" ಎಂದರು ಆಮಾ, ಕಣ್ಣು ಮುಚ್ಚಿಕೊಂಡೇ. "ಆದ್ರೆ ನೋಡಿದೀಯಲ್ಲ ಅವಳ ತುಟಿ. ಗಂಡ ಹೋದಾಗ ನೂಲು ಕಟ್ಟಿದ್ವಿ, ವರ್ಷ ಆಯ್ತು, ಬಿಚ್ಚಿದ್ವಿ, ನಕ್ಕಳು. ಈಗ ಏನು ಬಿಚ್ಚಲಿ? ಕಟ್ಟದೇ ಇರೋದನ್ನ ಬಿಚ್ಚೋದು ಹೆಂಗೆ, ನೀನೇ ಹೇಳು."

ನೊರೆ ತೊಳೆಯಲು ನೀರು ಸುರಿದೆ. ನನ್ನ ಅಂಗಡಿಯೊಳಗೆ ಮಾತ್ರ ಬೇಡ, ಸಾವಿನ ನೂಲು ಒಳಗೆ ಕಟ್ಟಿದರೆ ಗಿರಾಕಿಗಳು ಬರುವುದಿಲ್ಲ ಎಂದೆ. ಕುರ್ಚಿ ಹೊರಗೆ ಎಳೆದರಾಯಿತು ಎಂದರು ಆಮಾ.

ಮಾರನೆಯ ದಿನ ಕುರ್ಚಿಯನ್ನು ಸೂರಿನ ಕೆಳಗೆ ಎಳೆದೆ. ಆಮಾ ಸೊಸೆಯನ್ನು ಕೈಹಿಡಿದು ಕರೆತಂದು ಕೂರಿಸಿದರು. ಬಣ್ಣ ಯಾವುದು ಎಂದು ಕೇಳಿದೆ. ಬಿಳಿ ಕೂಡದು, ನೀಲಿ ಕೂಡದು. ಆಮಾ ಅಂಗಿಯ ಒಳಜೇಬಿನಿಂದ ಒಂದು ಉಂಡೆ ಹಸಿರು ಉಣ್ಣೆ ತೆಗೆದರು. ಚೆಂಗ್‌ಹಾನ್ ಒಂದನೇ ಕ್ಲಾಸಿಗೆ ಹೋಗುವಾಗ ಅವರೇ ಹೆಣೆದುಕೊಟ್ಟ ಟೋಪಿ, ಬಿಚ್ಚಿ ಉಂಡೆ ಮಾಡಿದ್ದರು. ಲೇಖಿಮ್ ಅದನ್ನು ನೋಡಿದಳು. ಗುರುತು ಹಿಡಿದಳು. ಬೇಡ ಎನ್ನಲಿಲ್ಲ. ನಾನು ಬೆರಳುದ್ದ ಕತ್ತರಿಸಿ ಅವಳ ಕಿವಿಯ ಮೇಲೆ ಕ್ಲಿಪ್ಪು ಹಾಕಿ ಸಿಕ್ಕಿಸಿದೆ. ಆಗ ಅತ್ತಳು ನೋಡಿ. ಮಗ ಹೋದಾಗಿನಿಂದ ಒಳಗೆ ಕಟ್ಟೆ ಕಟ್ಟಿ ನಿಂತಿದ್ದದ್ದೆಲ್ಲ ಓಣಿಯ ನಟ್ಟನಡುವೆ, ಹಾಡುಹಗಲಲ್ಲಿ. ಕಿಮ್‌ಚೂ ಬಂದು ಬಾಗಿಲಲ್ಲೇ ನಿಂತು ಅತ್ತಳು. ನಾನೂ ಅತ್ತೆ. ಆಮಾ ಅಳಲಿಲ್ಲ. ಸೊಸೆಯ ಅಳು ಇಳಿಯುವವರೆಗೆ ನಿಂತಿದ್ದು, ಆಮೇಲೆ ಕಾನೂನು ಹೇಳಿದರು.

"ಇವತ್ತಿಂದ ವರ್ಷ. ಅಳೋಕೆ ವಾರದಲ್ಲಿ ಆರು ದಿನ ನಿಂದು, ನಾನು ಕೇಳಲ್ಲ. ಗುರುವಾರ ಮಾತ್ರ ನಂದು. ಸತ್ತೋರಿಗೆ ವಾರವಾರ ಎಡೆ ಇಡ್ತೀವಿ. ಬದುಕಿರೋಳಿಗೂ ವಾರಕ್ಕೊಂದು ಎಡೆ ಬೇಡ್ವಾ? ಗುರುವಾರ ಒಂದು ಸಂತೋಷ. ಸಣ್ಣದಾದ್ರೂ ಪರವಾಗಿಲ್ಲ. ತಪ್ಪಿಸೋ ಹಾಗಿಲ್ಲ."

ಲೇಖಿಮ್ ತಲೆಯಾಡಿಸಿದಳು. ಹುಡುಗ ಹೋದ ದಿನವೇ ಸಂತೋಷದ ದಿನವೆಂದರೆ ಏನು ಕ್ರೌರ್ಯ ಎಂದು ನನಗೆ ಅನ್ನಿಸಿತು. ಆದರೆ ಸೊಸೆ ಅತ್ತೆಯ ಮಾತಿಗೆ ತಲೆಯಾಡಿಸಿದ್ದು ಪದ್ಧತಿಯೆಂದೇ. ಪದ್ಧತಿ ಎಂದರೆ ಅವಳು ಮಾಡುತ್ತಾಳೆ. ಅದು ಮುದುಕಿಗೆ ಗೊತ್ತಿತ್ತು.

ಮೊದಲ ಗುರುವಾರಗಳು ಹಾಳಾದವು. ನೂಲು ಕಟ್ಟಿದವಳು ಬೇರೆ ಮನೆಗೆ ಹೋಗುವಂತಿಲ್ಲವಲ್ಲ, ಅದಕ್ಕೆ ಕಿಮ್‌ಚೂ ತನ್ನ ಹಾಡುವ ಯಂತ್ರವನ್ನೇ ಓಣಿಗೆ ಎಳೆದು ತಂದಳು. ಕುಣಿಯುವ ಹಾಡು ಹಾಕಿ ಮೈಕು ಕೈಗೆ ಕೊಟ್ಟರೆ ಲೇಖಿಮ್ ಅದನ್ನು ಸೌಟಿನ ಹಾಗೆ ಹಿಡಿದು ನಿಂತಳು. ಕಿಮ್‌ಚೂ ಒಬ್ಬಳೇ ಹಾಡಿದಳು. ಆ ಕಂಠಕ್ಕೆ ನಾಯಿಯೂ ಓಣಿ ಬಿಟ್ಟು ಹೋಯಿತು. ನಾನು ಅವಳ ಉಗುರಿಗೆ ಕೆಂಪು ಬಣ್ಣ ಹಚ್ಚಿದೆ. ಸಂಜೆಯೊಳಗೆ ಕೆರೆದು ತೆಗೆದಿದ್ದಳು. ಸಂತೋಷ ಪಡು ಎಂದರೆ ಪಡಲು ಅದೇನು ಮಾತ್ರೆಯೇ, ನೀರು ಕುಡಿದು ನುಂಗಲು ಎಂದು ನಾನು ರೇಗಿದೆ. ಮಾತ್ರೆಯೇ ಎಂದರು ಆಮಾ. ನಾವು ತಪ್ಪು ಮಾತ್ರೆ ಕೊಡುತ್ತಿದ್ದೇವೆ, ಅವಳಿಗೆ ಏನು ಇಷ್ಟ ಎಂದು ಯಾರಾದರೂ ಕೇಳಿದಿರಾ ಎಂದರು.

ಕೇಳಿದೆವು. ಲೇಖಿಮ್‌ಗೆ ನಿಜವಾಗಿಯೂ ನೆನಪಿರಲಿಲ್ಲ. ಮಗನಿಗೆ ಇಷ್ಟವಾದದ್ದು ಹೇಳಿದಳು, ಗಂಡನಿಗೆ ಇಷ್ಟವಾದದ್ದು ಹೇಳಿದಳು. ನಿನಗೇನೇ ಎಂದು ಆಮಾ ಗದರಿದಾಗ ಸಣ್ಣ ದನಿಯಲ್ಲಿ, ಚಿಕ್ಕವಳಿದ್ದಾಗ ಅಪ್ಪನ ಕೊಳದಲ್ಲಿ ಗಾಳ ಹಾಕಿ ಕೂರುವುದು ಇಷ್ಟವಿತ್ತು ಎಂದಳು.

ಹೀಗೆ ನಾವು ಸೀಗಡಿ ಕೊಳಕ್ಕೆ ಹೋಗತೊಡಗಿದೆವು. ಹೆದ್ದಾರಿಯ ಪಕ್ಕದ ತಗಡಿನ ಶೆಡ್ಡು, ಒಳಗೆ ಹಸಿರು ನೀರಿನ ಸಿಮೆಂಟಿನ ತೊಟ್ಟಿ, ಸುತ್ತ ಪ್ಲಾಸ್ಟಿಕ್ ಕುರ್ಚಿಗಳು. ಗಾಳ ಬಾಡಿಗೆಗೆ ಪಡೆದು ಕೂತರೆ ಹಿಡಿದದ್ದು ನಿಮ್ಮದು. ಮೂಲೆಯಲ್ಲಿ ಉಪ್ಪು ಸವರಿ ಸುಡಲು ಒಲೆಯೂ ಇದೆ. ಕೂಲಿ ಮುಗಿಸಿ ಬಂದ ಗಂಡಸರ ನಡುವೆ ನಾವು ನಾಲ್ಕು ಹೆಂಗಸರು. ಲೇಖಿಮ್ ಗಾಳ ಹಿಡಿದ ರೀತಿ ನೋಡಿಯೇ ಪಕ್ಕದವನು ಸ್ವಲ್ಪ ದೂರ ಸರಿದು ಕೂತ. ಅವಳು ಮಾತಾಡಲಿಲ್ಲ, ನಗಲಿಲ್ಲ, ಆದರೆ ಬೆಂಡು ಅಲ್ಲಾಡಿದಾಗ ಅವಳ ಕಣ್ಣು ಅಲ್ಲಾಡಿತು. ನನಗೆ ಅಷ್ಟೇ ಸಾಕಾಯಿತು.

ಕೆಲವು ಗುರುವಾರ ಅಲ್ಲೇ ಕೂತು ಅತ್ತದ್ದೂ ಉಂಟು. ಎದ್ದು ಹೋಗುತ್ತೇನೆ ಎನ್ನುತ್ತಿದ್ದಳು. ಅಳು ಬಂದರೆ ಅಳು, ಸೀಗಡಿ ಸುಟ್ಟು ತಿಂದು ಎದ್ದರಾಯಿತು ಎನ್ನುತ್ತಿದ್ದರು ಆಮಾ. ಅತ್ತ ಕಣ್ಣಲ್ಲೇ ಬಿಸಿ ಸೀಗಡಿಯ ಸಿಪ್ಪೆ ಸುಲಿದು, ಬೆರಳು ಸುಟ್ಟುಕೊಂಡು ತಿನ್ನುತ್ತಿದ್ದಳು. ಆಮಾ ಮಾತ್ರ ಗಾಳ ಹಿಡಿದು ನಿದ್ದೆ ಹೋಗುತ್ತಿದ್ದರು.

ಈಗ ಒಂದು ವಿಷಯ ಹೇಳಬೇಕು. ಮೂವತ್ತು ವರ್ಷ ಬೇರೆಯವರ ಕೂದಲು ನೋಡಿಕೊಂಡ ನನ್ನ ನೆತ್ತಿಯಲ್ಲೇ ಕೂದಲಿಲ್ಲ. ಅಂಗಡಿಯ ಮಾನ ಉಳಿಯಬೇಕಲ್ಲ, ಅದಕ್ಕೆ ನೆತ್ತಿಯ ಮೇಲೆ ಒಂದು ಸುರುಳಿ ಕೂದಲಿನ ತುಂಡು ಕೂರಿಸಿಕೊಳ್ಳುತ್ತೇನೆ. ಓಣಿಯಲ್ಲಿ ಒಂದು ಪಿಳ್ಳೆಗೂ ಗೊತ್ತಿರಲಿಲ್ಲ. ಒಂದು ಗುರುವಾರ ಕೊಳದ ಬಳಿ ನಾನು ಆಮಾರ ಮುಂದಿನಿಂದ ಬಗ್ಗಿ ಹೋಗುತ್ತಿದ್ದೆ. ನಿದ್ದೆಯಲ್ಲಿದ್ದ ಆಮಾ ತಮ್ಮ ಗಾಳಕ್ಕೆ ಏನೋ ಸಿಕ್ಕಿತು ಎಂದು ಬೆಚ್ಚಿಬಿದ್ದು ಎಳೆದರು. ಗಾಳ ಮೇಲಕ್ಕೆ ಹಾರಿ ಮತ್ತೆ ನೀರಿಗೆ ಬಿತ್ತು, ನನ್ನ ನೆತ್ತಿ ತಣ್ಣಗಾಯಿತು. ನೋಡಿದರೆ ನನ್ನ ಸುರುಳಿ ಕೂದಲು ತೊಟ್ಟಿಯ ನಡುವೆ ತೇಲುತ್ತಿದೆ. ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಒಂದು ಸೀಗಡಿ ಬಂದು ಅದನ್ನು ಕಚ್ಚಿ ಹಿಡಿಯಿತು. ಆಮಾ ಗಂಭೀರವಾಗಿ ಅದನ್ನು ದಡಕ್ಕೆ ಎಳೆದು, "ಇದು ಯಾವ ಜಾತಿ?" ಎಂದು ಲೇಖಿಮ್‌ಳನ್ನು ಕೇಳಿದರು.

ಲೇಖಿಮ್ ನಕ್ಕಳು. ತಗಡಿನ ಶೆಡ್ಡು ನಡುಗುವ ಹಾಗೆ, ಹೊಟ್ಟೆ ಹಿಡಿದುಕೊಂಡು, ಕುರ್ಚಿಯಿಂದ ಜಾರಿ. ಗಂಡಸರೆಲ್ಲ ಗಾಳ ಬಿಟ್ಟು ನೋಡಿದರು. ಆಮೇಲೆ ಅವಳ ನಗು ಒಮ್ಮೆಲೇ ನಿಂತಿತು, ಬಲಗೈ ಮೇಲೆದ್ದಿತು. ನೆತ್ತಿಯ ಮಾನ ಹೋದದ್ದೂ ಮರೆತುಹೋಯಿತು. ಆ ಕೈ ಬಾಯಿಗೆ ಬೀಳುವ ಮೊದಲು ಆಮಾ ಹಿಡಿದರು. ಅಷ್ಟು ವಯಸ್ಸಾದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಇವತ್ತು ಗುರುವಾರ ಕಣೇ," ಎಂದರು.

ಲೇಖಿಮ್ ಅತ್ತೆಯ ಮುಖ ನೋಡಿದಳು. ಕೈ ಸಡಿಲವಾಯಿತು. ತಪ್ಪು ಅವಳದಲ್ಲ, ಗುರುವಾರದ್ದು. ಹಾಗೆಂದು ಒಪ್ಪಿಕೊಂಡಳೋ ಏನೋ. ನನ್ನ ಬೋಳು ನೆತ್ತಿಯ ಮೇಲೆ ಅವಳ ಕಣ್ಣು ಮತ್ತೆ ಬಿತ್ತು. ಮತ್ತೆ ನಕ್ಕಳು, ಈ ಸಲ ನಗುತ್ತಲೇ ಅತ್ತಳು. ಚೆಂಗ್‌ಹಾನ್ ಇದನ್ನು ನೋಡಬೇಕಿತ್ತು, ಅವನು ಇಡೀ ಪೇಟೆಗೆ ಹೇಳಿ ಬರುತ್ತಿದ್ದ ಎಂದಳು. ಅವನು ಹೋದ ಮೇಲೆ ಅವಳ ಬಾಯಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು. ಹುಡುಗ ಅಷ್ಟು ದಿನ ಸಾವಿನಲ್ಲಿ ಸಿಕ್ಕಿಕೊಂಡಿದ್ದ. ಅಂದು ನಮ್ಮ ನಡುವೆ ಬಂದು ಕೂತು ನನ್ನನ್ನು ಗೇಲಿ ಮಾಡಿದ ಹಾಗಾಯಿತು. ನಾನು ಒದ್ದೆ ಕೂದಲನ್ನು ಹಿಂಡಿ ಜೇಬಿಗೆ ಹಾಕಿಕೊಂಡೆ. ಮಾನ ಹೋದರೆ ಹೋಗಲಿ ಎನ್ನಿಸಿತು, ಸುಳ್ಳಲ್ಲ.

ಒಂದು ದಿನ ನಕ್ಕಳು, ಅಲ್ಲಿಗೆ ವಾಸಿಯಾಯಿತು ಎಂದುಕೊಳ್ಳಬೇಡಿ. ಮಾರನೆಯ ಶುಕ್ರವಾರ ಹಾಸಿಗೆಯಿಂದ ಏಳಲಿಲ್ಲ. ಚಕ್ಕೋತ ಮಾಗುವ ಹೊತ್ತಿಗೆ, ಮಗ ಹುಟ್ಟಿದ ತಿಂಗಳಲ್ಲಿ, ಮತ್ತೆ ಮಾತು ನಿಲ್ಲಿಸಿದಳು. ಆದರೆ ಗುರುವಾರ ಬರುತ್ತಲೇ ಇತ್ತು. ಬೇಡವೆಂದರೂ ಬರುತ್ತಿತ್ತು, ಮನಸ್ಸಿದ್ದರೂ ಇಲ್ಲದಿದ್ದರೂ ಆಮಾ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದರು. ಮೊದಮೊದಲು ಗುರುವಾರಕ್ಕಷ್ಟೇ ಬರುತ್ತಿದ್ದ ಬಣ್ಣ ಬರಬರುತ್ತ ಬುಧವಾರ ಸಂಜೆಯೇ ಅವಳ ಮುಖಕ್ಕೆ ಬರತೊಡಗಿತು. ಎರೆ ಯಾವುದು ಒಯ್ಯೋಣ ಎಂದು ಕೇಳತೊಡಗಿದಳು. ಹೊಸ ವರ್ಷದ ಹೊತ್ತಿಗೆ ಕಸದ ಚೀಲ ಹಿಡಿದು ತಾನೇ ಹೊರಬಂದಳು. ದೋಣಿ ಹಬ್ಬದಲ್ಲಿ ನಾವು, ಪದ್ಧತಿಯಿದೆಯೋ ಇಲ್ಲವೋ, ಹಸಿರು ನೂಲು ನೋಡಿ ಅವಳಿಗೆ ಕಡುಬು ಒಯ್ದೆವು. ನನ್ನದನ್ನು ಬಿಚ್ಚಿ ಬಾಯಿಗಿಟ್ಟು, "ಆಹುನ್, ಉಪ್ಪು ಜಾಸ್ತಿ ಆಗಿದೆ" ಎಂದಳು. ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ಮನೆಗೆ ಬಂದು ಖುಷಿಗೆ ಅತ್ತೆ.

ವರ್ಷ ತುಂಬಿತು. ಮತ್ತೆ ಕುರ್ಚಿಯನ್ನು ಸೂರಿನ ಕೆಳಗೆ ಎಳೆದೆ. ಆಮಾ ಕೆಂಪು ನೂಲು ತಂದಿದ್ದರು, ಕಿಮ್‌ಚೂ ಸಿಹಿ ಉಂಡೆಯ ಪಾಯಸ ಮಾಡಿಕೊಂಡು ಬಂದಿದ್ದಳು. ಲೇಖಿಮ್ ಬಂದು ಕೂತಳು. ನನಗೆ ಒಳಗೊಳಗೇ ಅಂಜಿಕೆ. ನೂಲು ತೆಗೆದರೆ ಮಗನೂ ಹೋದ ಎಂದುಕೊಂಡು ಹಿಡಿದುಕೊಂಡುಬಿಟ್ಟರೆ? ವರ್ಷದ ಗುರುವಾರಗಳೆಲ್ಲ ನೀರಿನಲ್ಲಿ ಹೋಮ. ಕ್ಲಿಪ್ಪಿಗೆ ಕೈ ಹಾಕಿದೆ. ಅವಳು ನನ್ನ ಕೈ ತಡೆದಳು.

ಆಮಾರ ಮುಖ ಕಪ್ಪಿಟ್ಟಿತು. ವರ್ಷ ಆಯಿತಲ್ಲೇ, ತೆಗೆಯಲೇಬೇಕು ಎಂದರು. ಲೇಖಿಮ್ ಎದ್ದು ನಿಂತಳು. ತೆಗೆಯುತ್ತೇನೆ, ಅದಕ್ಕೆ ಮೊದಲು ಒಂದು ಕೆಲಸವಿದೆ ಎಂದು ಹೇಳಿ ಅತ್ತೆಯ ಭುಜ ಹಿಡಿದು ಆ ಕುರ್ಚಿಯಲ್ಲಿ ಕೂರಿಸಿದಳು. ಜೇಬಿನಿಂದ ಉಳಿದಿದ್ದ ಹಸಿರು ಉಣ್ಣೆಯ ಉಂಡೆ ತೆಗೆದು ನನ್ನ ಕೈಗಿಟ್ಟಳು.

"ಅತ್ತೆಗೂ ಒಂದು ಕಟ್ಟು ಆಹುನ್. ಅವರ ಮಗನಿಗೆ."

ಆಸಿಂಗ್ ಲೇಖಿಮ್‌ಳ ಗಂಡ ಎಂದಷ್ಟೇ ನಮಗೆ ನೆನಪಿತ್ತು. ಗಂಡ ಹೋದವಳಿಗೆ ಬಿಳಿ ಕಟ್ಟಿದೆವು, ಕೆಂಪು ಕಟ್ಟಿದೆವು, ಕಡುಬು ಒಯ್ದೆವು. ಅದೇ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಹೆತ್ತವಳನ್ನು ಯಾರೂ ಕೇಳಲಿಲ್ಲ. ಅವರಿಗೆ ನೂಲಿರಲಿಲ್ಲ, ಹಾಗಾಗಿ ಕೆಂಪೂ ಬರಲಿಲ್ಲ. ನಾವು ಕಲ್ಲು ಎಂದುಕೊಂಡಿದ್ದೆವು.

ಆಮಾ ಏಳಲು ನೋಡಿದರು. "ಹುಚ್ಚು ಹಿಡಿದಿದೆಯಾ ನಿಂಗೆ? ಹದಿಮೂರು ವರ್ಷ ಆಯ್ತು. ಈಗೇನು ನಂದು?"

"ಕಟ್ಟದೇ ಇರೋದನ್ನ ಬಿಚ್ಚೋದು ಹೆಂಗೆ ಅಂತ ನೀವೇ ಅಲ್ವಾ ಅಂದಿದ್ದು? ಕೂತ್ಕೊಳ್ಳಿ," ಎಂದಳು ಲೇಖಿಮ್. ಆ ಮಾತನ್ನು ಅವಳಿಗೆ ಮುಟ್ಟಿಸಿದ್ದು ನನ್ನ ಬಾಯಿಯೇ. ಅತ್ತೆಯ ಗಂಟಲಿನ ದನಿಯೇ ಸೊಸೆಗೆ ಬಂದಿತ್ತು.

ಆಮಾ ಕೂತರು. ನಾನು ಅವರ ಗಂಟು ಬಿಚ್ಚಿದೆ. ನೂಲು ಆ ತೆಳು ಕೂದಲಿನಲ್ಲಿ ನಿಲ್ಲಲೊಲ್ಲದು, ಜಾರಿ ಜಾರಿ ಬೀಳುತ್ತಿತ್ತು. ಕೊನೆಗೆ ಎರಡು ಕ್ಲಿಪ್ಪು ಹಾಕಿ ಕೂರಿಸಿದೆ. ಆಮಾ ಕೈಯೆತ್ತಿ ಅದನ್ನು ಮುಟ್ಟಿ ನೋಡಿದರು. "ಆಸಿಂಗ್," ಎಂದರು, ಮನೆಯೊಳಗಿಂದ ಊಟಕ್ಕೆ ಕರೆಯುವವರ ಹಾಗೆ. ಆಮೇಲೆ ಸೊಸೆಯ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತರು. ಲೇಖಿಮ್ ಅವರ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅಳು ಇಳಿಯುವ ತನಕ ನಿಂತಿದ್ದು, ತನ್ನ ಕಿವಿಯ ಮೇಲಿನ ನೂಲನ್ನು ತಾನೇ ತೆಗೆದು, ಕೆಂಪು ಇಡು ಎಂದು ನನ್ನ ಕಡೆ ತಲೆ ಬಗ್ಗಿಸಿದಳು.

ಪಾಯಸ ಕುಡಿಯುವಾಗ, ಗುರುವಾರ ಇನ್ನು ಮೇಲೆ ನಿಮ್ಮದು, ನಿಮಗೇನು ಇಷ್ಟ ಎಂದು ಅತ್ತೆಯನ್ನು ಕೇಳಿದಳು. ಸೀಗಡಿ ಕೊಳ ಮಾತ್ರ ಬೇಡ, ಆ ವಾಸನೆಗೆ ನನಗೆ ವರ್ಷವಿಡೀ ಹೊಟ್ಟೆ ತೊಳಸಿದೆ ಎಂದರು ಆಮಾ. ನಾವೆಲ್ಲ ಬೆಪ್ಪಾದೆವು. ಮತ್ತೇನು ಬೇಕು ಎಂದರೆ ಗೊತ್ತಿಲ್ಲ ಎಂದರು. ಗುರುವಾರದವರೆಗೆ ಯೋಚನೆ ಮಾಡಿ ಎಂದಳು ಲೇಖಿಮ್.

ಗುರುವಾರ ಆಮಾ ಹೊಸ ಚಪ್ಪಲಿ ಮೆಟ್ಟಿ, ಹೊತ್ತಿಗೆ ಮೊದಲೇ ನನ್ನ ಸೂರಿನ ಕೆಳಗೆ ಬಂದು ನಿಂತರು. ಬಸ್ಸಿನಲ್ಲಿ ಹೋಗಬೇಕಂತೆ, ಸಮುದ್ರದ ಕಡೆಗೆ, ಎಲ್ಲೂ ಇಳಿಯದೆ, ಡ್ರೈವರಿನ ಪಕ್ಕದ ಮುಂದಿನ ಸೀಟಿನಲ್ಲಿ. ಆಸಿಂಗ್ ಚಿಕ್ಕವನಿದ್ದಾಗ ಆ ಸೀಟಿಗಾಗಿ ಹಟ ಮಾಡುತ್ತಿದ್ದನಂತೆ, ಬಿದ್ದುಬಿಡುತ್ತೀ ಎಂದು ಇವರು ಒಂದು ದಿನವೂ ಕೂರಿಸಿರಲಿಲ್ಲವಂತೆ. ಅಲ್ಲಿಂದ ಏನು ಕಾಣುತ್ತದೆ ಎಂದು ನೋಡಬೇಕು ಎಂದರು.

ಅತ್ತೆ ಸೊಸೆ ಇಬ್ಬರೇ ಹೋದರು. ಸಂಜೆ ಲಾರಿಯ ಸಂಗೀತ ದೂರದಲ್ಲಿ ಕೇಳಿಸುವ ಹೊತ್ತಿಗೆ ಓಣಿಯ ತುದಿಯಲ್ಲಿ ಕಂಡರು. ಆಮಾರ ಕೂದಲೆಲ್ಲ ಗಾಳಿಗೆ ಕೆದರಿತ್ತು, ಹಸಿರು ನೂಲು ಹೇಗೋ ಉಳಿದಿತ್ತು. ಏನು ಕಂಡಿತು ಎಂದು ಕೇಳಿದೆ.

"ಎಲ್ಲಾ ಕಾಣುತ್ತೆ ಕಣೇ," ಎಂದರು. "ರಸ್ತೆ ಪೂರ್ತಿ ನಮ್ಮ ಕಡೆಗೇ ಬರುತ್ತೆ." ಆಮೇಲೆ ಆ ಡ್ರೈವರು ಬ್ರೇಕು ಹಾಕುವ ಚಂದದ ಬಗ್ಗೆ ಹೇಳಲು ಶುರುಮಾಡಿದರು. ಮಾತು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಲೇಖಿಮ್ ನಕ್ಕುಬಿಟ್ಟಳು.